ಹೆಸರು ಸರಿ, ತಾರೀಕು ಯಾವುದು?

ರಾಕಿ ಮಾರ್ಸಿಯಾನೊ ಅವರ ಗೆಲುವಿನ ಪಟ್ಟಿಯ ಕಟ್ಟಕಡೆಯ ಸಾಲಿನಲ್ಲಿ ಆರ್ಚಿ ಮೂರ್ ಎಂಬ ಹೆಸರಿದೆ. ಮೊಹಮ್ಮದ್ ಅಲಿ ಅವರ ಪಟ್ಟಿಯ 16ನೇ ಸಾಲಿನಲ್ಲೂ ಅದೇ ಹೆಸರಿದೆ. ಈ ಇಬ್ಬರ ಎದುರೂ ರಿಂಗಿಗೆ ಇಳಿದವರು ಮೂರ್ ಒಬ್ಬರೇ. ಬಾಕ್ಸಿಂಗ್ ಹುಚ್ಚಿನವರು ಹರಟೆಗೆ ಕೂತರೆ ಎರಡೂ ಬಣದವರು ಈ ಹೆಸರನ್ನು ತಮ್ಮ ಹೀರೋನ ಎದೆಗೆ ಪದಕದ ಹಾಗೆ ಚುಚ್ಚುತ್ತಾರೆ. ಹೆಸರು ಒಂದೇ, ನಿಜ. ಪದಕಗಳು ಮಾತ್ರ ಬೇರೆ ಬೇರೆ.

1955ರ ಸೆಪ್ಟೆಂಬರ್ 21ರ ರಾತ್ರಿ ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ, 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ನಿಂತ ಮೂರ್ ಆಗ ಲೈಟ್ ಹೆವಿವೇಟ್ ವಿಶ್ವ ಚಾಂಪಿಯನ್. ಅದೇ ವರ್ಷ ನಿನೊ ವಾಲ್ಡೆಸ್, ಬೋಬೊ ಓಲ್ಸನ್ ಇಬ್ಬರನ್ನೂ ಸೋಲಿಸಿ ಬಂದಿದ್ದರು. ಎರಡನೇ ಸುತ್ತಿನಲ್ಲೇ ಅವರ ಬಲಗೈ ಏಟಿಗೆ ಮಾರ್ಸಿಯಾನೊ ನೆಲ ಕಂಡರು. ವೃತ್ತಿಬದುಕಿನಲ್ಲಿ ಮಾರ್ಸಿಯಾನೊ ಕೆಳಗೆ ಬಿದ್ದದ್ದೇ ಎರಡು ಸಲ, ಅದರಲ್ಲಿ ಇದೊಂದು. ಎದ್ದರು, ಮೈಮೇಲೆ ನುಗ್ಗಿದರು, ಒಂಬತ್ತನೇ ಸುತ್ತಿನಲ್ಲಿ ಮೂರ್ ಅವರನ್ನು ಮಲಗಿಸಿದರು. ಅದು ಅವರ 49ನೇ ಪಂದ್ಯ, 49ನೇ ಗೆಲುವು. ಮುಂದಿನ ವರ್ಷ ನಿವೃತ್ತಿ.

ಏಳು ವರ್ಷ ಕಳೆದು, 1962ರ ನವೆಂಬರ್ 15ರಂದು ಲಾಸ್ ಏಂಜಲೀಸ್‌ನಲ್ಲಿ 20ರ ಹರೆಯದ ಕ್ಯಾಷಿಯಸ್ ಕ್ಲೇ (ಮುಂದೆ ಮೊಹಮ್ಮದ್ ಅಲಿ ಆದವರು) ಎದುರು ನಿಂತದ್ದು ಯಾರು? ಪಂದ್ಯದ ಪಟ್ಟಿಯನ್ನು ಕೇಳಿದರೆ ಆರ್ಚಿ ಮೂರ್ ಎನ್ನುತ್ತದೆ. ಅವರಿಗಾಗ 45 ವರ್ಷ, ಇಲ್ಲವೇ 48. ಹುಟ್ಟಿದ್ದು 1916ರಲ್ಲಿ ಎಂದು ಅವರ ಲೆಕ್ಕ, 1913 ಎಂದು ಅವರ ತಾಯಿಯ ಲೆಕ್ಕ. ಈ ತಕರಾರಿನ ಬಗ್ಗೆ ಕೇಳಿದವರಿಗೆಲ್ಲ, ಹುಟ್ಟುವಾಗಲೇ ತನಗೆ ಮೂರು ವರ್ಷ ಆಗಿದ್ದಿರಬೇಕು ಎಂದು ಮೂರ್ ನಗೆಯಾಡುತ್ತಿದ್ದರು. ಎರಡು ವರ್ಷ ಹಿಂದೆ ಇದೇ ಕ್ಲೇ, ಮೂರ್ ಅವರ ತರಬೇತಿ ಶಿಬಿರದಲ್ಲಿ ಶಿಷ್ಯರಾಗಿ ಸೇರಿ, ಪಾತ್ರೆ ತೊಳೆಯುವುದು ಕಸ ಗುಡಿಸುವುದು ತನ್ನಿಂದಾಗದು ಎಂದು ಬಿಟ್ಟುಹೋಗಿದ್ದರು. ನಾಲ್ಕನೇ ಸುತ್ತಿನಲ್ಲಿ ಮುದುಕನನ್ನು ಕೆಡವುತ್ತೇನೆ ಎಂದು ಮೊದಲೇ ಸಾರಿದ್ದ ಕ್ಲೇ, ಹೇಳಿದಂತೆಯೇ ಮಾಡಿದರು.

ಹೆವಿವೇಟ್ ಬಾಕ್ಸರ್ ಒಬ್ಬನ ದೊಡ್ಡತನ ಅಳೆಯುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಅವನು ಸೋಲಿಸಿದ್ದು ಯಾರನ್ನ?" ಎಂಬುದು. ಪ್ರಶ್ನೆ ಅರ್ಧವಾಯಿತು. "ಯಾವತ್ತು ಸೋಲಿಸಿದ?" ಎನ್ನುವುದೂ ಸೇರಿದರೆ ಪೂರ್ತಿಯಾಗುತ್ತದೆ. ಆ ದಿನಕ್ಕೆ ಮುಂಚೆ ಎದುರಾಳಿ ಎಷ್ಟು ತಿಂಗಳು ಕೈಕಟ್ಟಿ ಕೂತಿದ್ದ, ಯಾರನ್ನು ಸೋಲಿಸಿ ಬಂದಿದ್ದ, ತೂಕ ಎಷ್ಟಿತ್ತು, ಪಂದ್ಯ ಇದೆ ಎಂದು ಎಷ್ಟು ವಾರ ಮೊದಲು ತಿಳಿಯಿತು, ಆಮೇಲೆ ಏನು ಮಾಡಿದ, ಇವೆಲ್ಲ ತಾರೀಕಿನ ಒಳಗೇ ಅಡಗಿರುತ್ತವೆ.

ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರ ಜೋಡಿ ಕಟ್ಟುವ ಕಾರ್ಯಕ್ರಮ ನಡೆಯುತ್ತದೆ. ವಯಸ್ಸು, ತೂಕ, ಅನುಭವ ನೋಡಿ, ಹಿರಿಯರು ಎಲ್ಲರ ಕಣ್ಣೆದುರಿಗೇ ಇವನಿಗೆ ಇವನು ಎಂದು ಜೋಡಿ ಮಾಡುತ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲೂ ಜೋಡಿ ಕಟ್ಟುವವನಿದ್ದಾನೆ. ಮ್ಯಾಚ್‌ಮೇಕರ್ ಎಂದು ಕರೆಯುತ್ತಾರೆ. ಅವನಿಗೆ ಸಂಬಳ ಕೊಡುವುದು ಪ್ರವರ್ತಕ. ಪ್ರವರ್ತಕನ ಬಂಡವಾಳ ಇರುವುದು ಇಬ್ಬರಲ್ಲಿ ಒಬ್ಬನ ಮೇಲೆ. ಆ ಒಬ್ಬ ಗೆಲ್ಲಬೇಕು, ಗೆದ್ದದ್ದು ಸುಲಭ ಎಂದು ಕಾಣಲೂಬಾರದು. ಇದೇ ಮ್ಯಾಚ್‌ಮೇಕರನ ಕಸುಬು.

ಹಾಗಾಗಿ ಸೋಲುವುದನ್ನೇ ವೃತ್ತಿ ಮಾಡಿಕೊಂಡವರ ದೊಡ್ಡ ಪಡೆಯೇ ಈ ಆಟದಲ್ಲಿದೆ. ಹೆವಿವೇಟ್ ಅಲ್ಲದಿದ್ದರೂ ಬರ್ಮಿಂಗ್‌ಹ್ಯಾಮ್‌ನ ಪೀಟರ್ ಬಕ್ಲಿ ಅವರ ಹೆಸರು ಇಲ್ಲಿ ಹೇಳಲೇಬೇಕು. 2008ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕ 300 ಪಂದ್ಯ, 32 ಗೆಲುವು, 256 ಸೋಲು, 12 ಡ್ರಾ. ಇಷ್ಟು ಸೋತವರು ಕೆಲಸಕ್ಕೆ ಬಾರದವರು ಎಂದುಕೊಂಡರೆ ಅದು ಆತುರದ ತೀರ್ಮಾನ. ಏಟು ತಪ್ಪಿಸಿಕೊಳ್ಳುವ ವಿದ್ಯೆ ಕರತಲಾಮಲಕವಾಗಿರದೆ 300 ಸಲ ರಿಂಗ್ ಹತ್ತಿ ನೆಟ್ಟಗೆ ಮನೆಗೆ ಹೋಗಲು ಆಗದು. ಬೆಳೆಯುವ ಹುಡುಗನಿಗೆ ಇಂಥವರು ಮೇಷ್ಟರು. ಆದರೆ ಮೇಷ್ಟರ ಎದುರು ಪಾಠ ಒಪ್ಪಿಸಿದ್ದನ್ನೇ ದಿಗ್ವಿಜಯ ಎಂದು ಬರೆದುಕೊಂಡರೆ ಕಷ್ಟ.

ಹಾಗೆ ಬರೆದುಕೊಂಡವರಿಗೇನೂ ಕೊರತೆಯಿಲ್ಲ. 1995ರ ಆಗಸ್ಟ್‌ನಲ್ಲಿ, ಜೈಲಿನಿಂದ ಹೊರಬಂದ ಮೈಕ್ ಟೈಸನ್ ಮರಳಿ ರಿಂಗಿಗೆ ಇಳಿದಾಗ ಎದುರಿಗಿದ್ದವರು ಪೀಟರ್ ಮ್ಯಾಕ್‌ನೀಲಿ. ಕಾಗದದ ಮೇಲೆ 36 ಗೆಲುವು, ಒಂದೇ ಸೋಲು. ಆ 36 ಮಂದಿ ಯಾರು ಎಂದು ಕೆದಕಿದರೆ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಿದ್ದವರು ಸಾಲುಸಾಲಾಗಿ ಸಿಗುತ್ತಾರೆ. ಪಂದ್ಯ 89 ಸೆಕೆಂಡಿಗೆ ಮುಗಿಯಿತು; ಮ್ಯಾಕ್‌ನೀಲಿ ಅವರ ಮ್ಯಾನೇಜರೇ ರಿಂಗಿನೊಳಗೆ ಬಂದು ನಿಲ್ಲಿಸಿದರು. ಜೊಳ್ಳು ಎಷ್ಟು ಮೂಟೆ ತುಂಬಿಸಿದರೂ ತಕ್ಕಡಿಗೆ ಗೊತ್ತಾಗಿಬಿಡುತ್ತದೆ.

ಜೊಳ್ಳಾದರೂ ಕಣ್ಣಿಗೆ ಕಾಣುವ ವಸ್ತು. 1977ರಲ್ಲಿ ಅಮೆರಿಕದಲ್ಲಿ ಬಯಲಾದ ಹಗರಣದಲ್ಲಿ ಅದೂ ಇರಲಿಲ್ಲ. ಡಾನ್ ಕಿಂಗ್ ಪ್ರವರ್ತಕರಾಗಿ, ಎಬಿಸಿ ಟೆಲಿವಿಷನ್ ಪ್ರಸಾರ ಮಾಡುತ್ತಿದ್ದ ಪಂದ್ಯಾವಳಿಗೆ ಬಾಕ್ಸರುಗಳನ್ನು ಆರಿಸಿದ್ದು 'ದಿ ರಿಂಗ್' ಪತ್ರಿಕೆಯ ಶ್ರೇಯಾಂಕದ ಆಧಾರದಲ್ಲಿ. 1922ರಿಂದ ನಡೆದುಬಂದ, ಬಾಕ್ಸಿಂಗ್‌ನ ವೇದವೆಂದೇ ನಂಬಿದ್ದ ಪತ್ರಿಕೆ ಅದು. ಕೆಲವರ ಹೆಸರಿನ ಮುಂದೆ ನಡೆದೇ ಇಲ್ಲದ ಪಂದ್ಯಗಳ ಗೆಲುವು ಜಮೆಯಾಗಿತ್ತು. ಐಕ್ ಫ್ಲುಯೆಲ್ಲನ್ ಎಂಬ ಬಾಕ್ಸರ್ 1976ರಲ್ಲಿ ಮೆಕ್ಸಿಕೋದಲ್ಲಿ ಎರಡು ಪಂದ್ಯ ಗೆದ್ದಿದ್ದಾರೆಂದು ದಾಖಲೆ ಹೇಳುತ್ತಿತ್ತು. ಆ ಪಂದ್ಯಗಳನ್ನು ಅವರು ಆಡಿಯೇ ಇರಲಿಲ್ಲ. ಪಂದ್ಯಾವಳಿ ಅರ್ಧದಲ್ಲೇ ನಿಂತಿತು. ಇವತ್ತು ಬಾಕ್ಸ್‌ರೆಕ್‌ನಂಥ ಪಂದ್ಯದ ದಾಖಲೆಗಳ ಕಣಜ ಎಲ್ಲರ ಮೊಬೈಲಿನಲ್ಲೂ ಇರುವುದರಿಂದ ಗಾಳಿಯಲ್ಲಿ ಎದುರಾಳಿ ಸೃಷ್ಟಿಸುವುದು ಕಷ್ಟ. ನಿಜವಾದ ಮನುಷ್ಯನನ್ನೇ ನಿಲ್ಲಿಸಿ, ಹಲ್ಲು ಕಿತ್ತ ಹಾವನ್ನು ಕಾಳಿಂಗ ಎಂದು ಮಾರುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.

ಈ ಮಾರಾಟದಲ್ಲಿ ಅತಿ ಹೆಚ್ಚು ಬೆಲೆಗೆ ಹೋಗುವ ಸರಕು ಮಾಜಿ ಚಾಂಪಿಯನ್. ಹೆವಿವೇಟ್ ಚರಿತ್ರೆಯಲ್ಲಿ ಒಂದು ಸರಪಳಿಯೇ ಇದೆ: ಜೋ ಲೂಯಿಸ್ ಅವರನ್ನು ಮಾರ್ಸಿಯಾನೊ ಸೋಲಿಸಿದರು, ಅಲಿಯನ್ನು ಲ್ಯಾರಿ ಹೋಮ್ಸ್, ಹೋಮ್ಸ್‌ರನ್ನು ಟೈಸನ್, ಟೈಸನ್‌ರನ್ನು ಲೆನಾಕ್ಸ್ ಲೂಯಿಸ್. ಹೆಸರುಗಳನ್ನಷ್ಟೇ ಓದಿದರೆ ರೋಮಾಂಚನ. ತಾರೀಕು ಸೇರಿಸಿ ಓದಿದರೆ ಒಂದೊಂದು ಕೊಂಡಿಯೂ ಬೇರೆಯೇ ಬಣ್ಣಕ್ಕೆ ತಿರುಗುತ್ತದೆ.

1951ರ ಅಕ್ಟೋಬರ್ 26, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಜೋ ಲೂಯಿಸ್‌ಗೆ 37 ವರ್ಷ. ನೆತ್ತಿಯಲ್ಲಿ ಕೂದಲು ವಿರಳವಾಗಿತ್ತು, ತೆರಿಗೆ ಇಲಾಖೆಯ ಬಾಕಿ ಬೆನ್ನು ಹತ್ತಿತ್ತು. ನಿವೃತ್ತಿ ಘೋಷಿಸಿದ ಮೇಲೆ ದುಡ್ಡಿಗಾಗಿಯೇ ಮರಳಿ ಬಂದಿದ್ದರು. ಎಂಟನೇ ಸುತ್ತಿನಲ್ಲಿ ಎಡಗೈಯ ಏಟಿಗೆ ಒಮ್ಮೆ ಬಿದ್ದು ಎದ್ದರು. ಮತ್ತೆ ಎಡ, ಆಮೇಲೆ ಬಲ. ಹಗ್ಗದ ನಡುವಿನಿಂದ ಬೆನ್ನು ಹೊರಗೆ ಜಾರಿ ರಿಂಗಿನ ಅಂಚಿನ ಹಲಗೆಯ ಮೇಲೆ ಅಂಗಾತ ಮಲಗಿದರು, ಒಂದು ಕಾಲು ಮಾತ್ರ ಕೆಳಗಿನ ಹಗ್ಗದ ಮೇಲೆ ಉಳಿಯಿತು. ಗೆದ್ದ ಮಾರ್ಸಿಯಾನೊ ಅತ್ತರು ಎನ್ನುತ್ತಾರೆ. ಲೂಯಿಸ್ ಅವರ ಬಾಲ್ಯದ ಆರಾಧ್ಯ ದೈವ. ಹಾಗಿದ್ದರೆ ಇದು ಸತ್ತ ಹಾವನ್ನು ಹೊಡೆದದ್ದೇ? ಅಲ್ಲೂ ಅಷ್ಟು ಸಲೀಸಾಗಿ ಹೇಳಲಾಗದು. ಲೂಯಿಸ್ ಅದಕ್ಕೆ ಮೊದಲು ಸತತ ಎಂಟು ಪಂದ್ಯ ಗೆದ್ದಿದ್ದರು, ಬಾಜಿ ಕಟ್ಟುವವರ ಒಲವೂ ಅವರ ಕಡೆಗೇ ಇತ್ತು. 1938ರಲ್ಲಿ ಮ್ಯಾಕ್ಸ್ ಷ್ಮೆಲಿಂಗ್ ಅವರನ್ನು 124 ಸೆಕೆಂಡಿನಲ್ಲಿ ಹೊಸಕಿಹಾಕಿದ ಲೂಯಿಸ್ ಅಲ್ಲದಿದ್ದರೂ, 1951ರ ಲೆಕ್ಕದಲ್ಲಿ ಒಳ್ಳೆಯ ಹೆವಿವೇಟೇ. ಗೆಲುವಿಗೆ ಆ ಬೆಲೆ ಕೊಡೋಣ, ಅದಕ್ಕಿಂತ ಹೆಚ್ಚು ಬೇಡ.

ಹೋಮ್ಸ್ ಪ್ರಸಂಗಕ್ಕೆ ಅಂಥ ಸಮಾಧಾನವೂ ಇಲ್ಲ. 1980ರ ಜನವರಿಯಲ್ಲಿ ದೆಹಲಿಗೆ ಬಂದಿದ್ದ ಅಲಿ ನಮ್ಮ ಹೆವಿವೇಟ್ ಕೌರ್ ಸಿಂಗ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದರು. ಅದನ್ನು ನೋಡಿದ ಭಾರತೀಯರು ಕಂಡದ್ದು ಆಗಲೇ ನಿವೃತ್ತಿ ಘೋಷಿಸಿದ್ದ ಒಬ್ಬ ದಂತಕಥೆಯನ್ನು. ಅದೇ ವರ್ಷ ಅಕ್ಟೋಬರ್ 2ರಂದು, ಎರಡು ವರ್ಷ ಒಂದೂ ವೃತ್ತಿಪರ ಪಂದ್ಯ ಆಡದೆ, ಥೈರಾಯ್ಡ್ ಔಷಧಿ ನುಂಗಿ ಮೈ ಇಳಿಸಿಕೊಂಡು, 38ರ ಅಲಿ ಲಾಸ್ ವೇಗಸ್‌ನಲ್ಲಿ ವಿಶ್ವ ಪಟ್ಟಕ್ಕಾಗಿ ಹೋಮ್ಸ್ ಎದುರು ನಿಂತರು. ತೀರ್ಪುಗಾರರು ಮೂವರೂ ಹತ್ತಕ್ಕೆ ಹತ್ತೂ ಸುತ್ತನ್ನು ಹೋಮ್ಸ್‌ಗೇ ಕೊಟ್ಟಿದ್ದರು. ಅಲಿಯ ಮೂಲೆಯಲ್ಲಿದ್ದ ಏಂಜೆಲೊ ಡಂಡಿ ಸಾಕು ಎಂದು ನಿಲ್ಲಿಸಿದರು. ಹೋಮ್ಸ್ ಅವರನ್ನು ಹೊಗಳಲು ಈ ಪಂದ್ಯವನ್ನು ಎತ್ತಿಕೊಳ್ಳುವವರು ಅವರಿಗೆ ಮಾಡುವುದು ಅನ್ಯಾಯವೇ. ಕೆನ್ ನಾರ್ಟನ್ ಜೊತೆ 1978ರಲ್ಲಿ ಅವರು ಆಡಿದ 15 ಸುತ್ತು ಇರುವಾಗ ಈ ಸಂಜೆ ಯಾಕೆ ಬೇಕು?

ಕಾಲಚಕ್ರ ಹೋಮ್ಸ್‌ಗೂ ಸುತ್ತಿತು. 1988ರ ಜನವರಿಯಲ್ಲಿ ಟೈಸನ್ ಎದುರು ನಿಂತಾಗ ಅವರಿಗೂ 38. ಅವರೂ ಒಂದೂವರೆ ವರ್ಷಕ್ಕೂ ಮೀರಿ ಕೈಗವಸು ಬಿಚ್ಚಿಟ್ಟು ಕೂತಿದ್ದವರು. ನಾಲ್ಕನೇ ಸುತ್ತಿನಲ್ಲಿ ಮೂರು ಸಲ ಬಿದ್ದರು. 75 ಪಂದ್ಯಗಳಲ್ಲಿ ಹೋಮ್ಸ್ ನಾಕೌಟ್ ಆದದ್ದು ಅದೊಂದೇ ಸಲ. ಇಲ್ಲಿಗೆ ಕತೆ ಮುಗಿದಿದ್ದರೆ ಟೈಸನ್ ಸೋಲಿಸಿದ್ದು ಮುದುಕನನ್ನು ಎಂದು ಕೈತೊಳೆದುಕೊಳ್ಳಬಹುದಿತ್ತು. ನಾಲ್ಕು ವರ್ಷ ಬಿಟ್ಟು, 42ರ ಹೋಮ್ಸ್, ಒಂದೂ ಸೋಲದ ಒಲಿಂಪಿಕ್ ಚಿನ್ನದ ರೇ ಮರ್ಸರ್ ಅವರನ್ನು ಮೂಲೆಗೆ ಕರೆದು ಪಾಠ ಹೇಳಿ ಅಂಕಗಳಲ್ಲಿ ಗೆದ್ದರು. ಅಂದರೆ 1988ರಲ್ಲಿ ಇಲ್ಲದಿದ್ದದ್ದು ತಯಾರಿ. ಬಾಕ್ಸಿಂಗ್ ಇನ್ನೂ ಒಳಗಿತ್ತು. ಸೋತವನು ಆಮೇಲೆ ಏನು ಮಾಡಿದ ಎಂದು ನೋಡದೆ ಅವನ ಬೆಲೆ ಕಟ್ಟಬಾರದು ಎನ್ನುವುದು ಇದಕ್ಕೇ.

ವಯಸ್ಸೊಂದನ್ನೇ ಅಳತೆಗೋಲು ಮಾಡಿಕೊಂಡವರೂ ಎಡವುತ್ತಾರೆ. ಜೆರ್ಸಿ ಜೋ ವಾಲ್ಕಾಟ್ 1952ರಲ್ಲಿ ಮಾರ್ಸಿಯಾನೊ ಎದುರು ಪಟ್ಟ ಕಳೆದುಕೊಂಡಾಗ 38 ವರ್ಷದವರು. ಮುದುಕನನ್ನು ಹೊಡೆದದ್ದು ಎಂದು ಅದನ್ನೂ ತಳ್ಳಿಹಾಕುತ್ತಾರೆ. ವಾಲ್ಕಾಟ್ ಎಳೆಯರಾಗಿದ್ದಾಗ ಆರ್ಥಿಕ ಕುಸಿತದ ಕಾಲ. ಮನೆತುಂಬ ಮಕ್ಕಳು, ಅರೆಹೊಟ್ಟೆಯಲ್ಲೇ ಎಷ್ಟೋ ಪಂದ್ಯ. ಅವರ ಬಾಕ್ಸಿಂಗ್ ಹಣ್ಣಾದದ್ದೇ 30 ದಾಟಿದ ಮೇಲೆ. ಐದನೇ ಪ್ರಯತ್ನದಲ್ಲಿ ಪಟ್ಟ ಗೆದ್ದಾಗ 37. ಫಿಲಡೆಲ್ಫಿಯಾದ ಆ ರಾತ್ರಿ ಮೊದಲ ಸುತ್ತಿನಲ್ಲೇ ಮಾರ್ಸಿಯಾನೊ ಅವರನ್ನು ಕೆಡವಿದರು, 12 ಸುತ್ತು ಮುಗಿದಾಗ ಮೂವರ ಅಂಕಪಟ್ಟಿಯಲ್ಲೂ ಮುಂದಿದ್ದರು. 13ನೇ ಸುತ್ತಿನ ಒಂದು ಬಲಗೈ ಏಟು ಎಲ್ಲವನ್ನೂ ಮುಗಿಸಿತು. ಮಾರ್ಸಿಯಾನೊ ಪಟ್ಟಿಯ 49 ಹೆಸರಿನಲ್ಲಿ ಅತ್ಯಂತ ತೂಕದ ಗೆಲುವು ಯಾವುದೆಂದರೆ ಲೂಯಿಸ್ ಅಲ್ಲ, ಈ ವಾಲ್ಕಾಟ್. ಇನ್ನು ಜಾರ್ಜ್ ಫೋರ್ಮನ್ 45ನೇ ವಯಸ್ಸಿನಲ್ಲಿ, 35 ಪಂದ್ಯ ಸೋಲದ ಮೈಕಲ್ ಮೂರರ್ ಅವರನ್ನು 1994ರಲ್ಲಿ ಮಲಗಿಸಿದ್ದು ಎಲ್ಲರಿಗೂ ಗೊತ್ತಿರುವುದೇ.

ಫೋರ್ಮನ್ ಹೆಸರು ಬಂದದ್ದರಿಂದ ಇನ್ನೊಂದು ಚಾಳಿಯ ಬಗ್ಗೆ ಹೇಳಬಹುದು. ಅ ಎಂಬವನು ಆ ಎಂಬವನನ್ನು ಸೋಲಿಸಿದ, ಆ ಎಂಬವನು ಇ ಎಂಬವನನ್ನು. ಆದ್ದರಿಂದ ಅ ದೊಡ್ಡವನು ಎನ್ನುವ ಲೆಕ್ಕ. ಜೋ ಫ್ರೇಜರ್ 1971ರಲ್ಲಿ ಅಲಿಯನ್ನು ಸೋಲಿಸಿದ್ದರು. ಕೆನ್ ನಾರ್ಟನ್ 1973ರಲ್ಲಿ ಅಲಿಯ ದವಡೆ ಮುರಿದು ಗೆದ್ದಿದ್ದರು. ಫೋರ್ಮನ್ ಅವರಿಬ್ಬರನ್ನೂ ತಲಾ ಎರಡೇ ಸುತ್ತಿನಲ್ಲಿ ಚಿಂದಿ ಮಾಡಿದ್ದರು. ಕಿಂಗ್‌ಸ್ಟನ್‌ನಲ್ಲಿ ಫ್ರೇಜರ್ ಆರು ಸಲ ಬಿದ್ದಿದ್ದರು. ಲೆಕ್ಕದ ಪ್ರಕಾರ 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಅಲಿಯನ್ನು ಸ್ಟ್ರೆಚರ್ ಮೇಲೆ ಒಯ್ಯಬೇಕಿತ್ತು. ಎಂಟನೇ ಸುತ್ತಿನಲ್ಲಿ ಕೆಳಗೆ ಬಿದ್ದದ್ದು ಫೋರ್ಮನ್. ನುಗ್ಗಿ ಬರುವ ಫ್ರೇಜರ್ ಫೋರ್ಮನ್‌ರ ಭಾರೀ ಹೊಡೆತಕ್ಕೆ ಹೇಳಿ ಮಾಡಿಸಿದ ತುತ್ತು. ಹಗ್ಗಕ್ಕೆ ಒರಗಿ ಏಟು ಉಣ್ಣುತ್ತಾ ಎದುರಾಳಿಯನ್ನು ದಣಿಸಿದ ಅಲಿ ಆ ತುತ್ತಾಗಲಿಲ್ಲ. ಹೊಂದಾಣಿಕೆ ಎನ್ನುವುದು ಜಾತಕ ಕೂಡಿಸಿದ ಹಾಗೆ. ಗಣಿತದ ಸೂತ್ರ ಅದಕ್ಕೆ ಸಾಲದು.

ಜೋ ಲೂಯಿಸ್ ಅವರ ಪಟ್ಟಿಯನ್ನು ಬಯ್ಯುವವರು ಯಾವಾಗಲೂ 1940ರ ಡಿಸೆಂಬರ್‌ನಿಂದ 1941ರ ಜೂನ್‌ವರೆಗಿನ ಏಳು ಪಂದ್ಯ ಹಿಡಿಯುತ್ತಾರೆ. ತಿಂಗಳಿಗೊಬ್ಬ ಪುಕ್ಕಟೆ ಗಿರಾಕಿ ಎಂಬರ್ಥ ಬರುವಂತೆ ಆಗಿನ ಕ್ರೀಡಾ ವರದಿಗಾರರು ಲೇವಡಿ ಮಾಡಿದ್ದರು. ಆ ಏಳರಲ್ಲಿ ಒಬ್ಬರಾದ ಬಡ್ಡಿ ಬೇರ್ ಮೊದಲ ಸುತ್ತಿನಲ್ಲೇ ಲೂಯಿಸ್ ಅವರನ್ನು ಹಗ್ಗದಾಚೆಗೆ ಕೆಡವಿದರು. ಇನ್ನೊಬ್ಬರು ಬಿಲ್ಲಿ ಕಾನ್. ಚಾಂಪಿಯನ್‌ಗಿಂತ 25 ಪೌಂಡ್‌ಗೂ ಹೆಚ್ಚು ಹಗುರ, ಆದರೂ 12 ಸುತ್ತಿನ ಕೊನೆಗೆ ಅಂಕಗಳಲ್ಲಿ ಮುಂದು. 13ನೇ ಸುತ್ತಿನಲ್ಲಿ ನಾಕೌಟ್ ಮಾಡುವ ಆಸೆಗೆ ಬಿದ್ದು ತಾವೇ ನಾಕೌಟ್ ಆದರು. ಏಳು ತಿಂಗಳಲ್ಲಿ ಏಳು ಸಲ ಪಟ್ಟವನ್ನು ಪಣಕ್ಕಿಟ್ಟ ಆ ಮನುಷ್ಯನನ್ನು, ವರ್ಷಕ್ಕೆ ಒಂದೋ ಎರಡೋ ಪಂದ್ಯ ಆಡುವ ಇಂದಿನ ಚಾಂಪಿಯನ್ನರ ಅಭಿಮಾನಿಗಳು ಗೇಲಿ ಮಾಡುವುದು ಸೋಜಿಗವೇ.

ತದ್ವಿರುದ್ಧ ದಿಕ್ಕಿನ ತಪ್ಪೂ ಇದೆ: ಸಾಧಾರಣನೆಂದು ಬಗೆದವನೊಬ್ಬ ಆ ಒಂದು ರಾತ್ರಿ ಅಸಾಧಾರಣನಾಗಿ ಬಂದಿರುತ್ತಾನೆ. 1990ರ ಫೆಬ್ರುವರಿಯಲ್ಲಿ ಟೋಕಿಯೊದಲ್ಲಿ ಟೈಸನ್ ಅವರನ್ನು ಹತ್ತನೇ ಸುತ್ತಿನಲ್ಲಿ ಮಲಗಿಸಿದ ಬಸ್ಟರ್ ಡಗ್ಲಸ್ ಗೆಲ್ಲುವ ಬಾಜಿ 1ಕ್ಕೆ 42 ಇತ್ತು. ಪಂದ್ಯಕ್ಕೆ ಮೂರು ವಾರ ಮುಂಚೆ ತಾಯಿ ತೀರಿಕೊಂಡಿದ್ದರು. ಆ ರಾತ್ರಿಯ ಡಗ್ಲಸ್ ಯಾವ ಕಾಲದ ಯಾವ ಹೆವಿವೇಟ್‌ಗೂ ತಲೆನೋವಾಗುತ್ತಿದ್ದರು. ಎಂಟು ತಿಂಗಳ ಬಳಿಕ, 15 ಪೌಂಡ್ ಆಸುಪಾಸು ಮೈ ಬೆಳೆಸಿಕೊಂಡು ಬಂದ ಅದೇ ಡಗ್ಲಸ್‌ರನ್ನು ಇವಾಂಡರ್ ಹೋಲಿಫೀಲ್ಡ್ ಮೂರನೇ ಸುತ್ತಿನಲ್ಲಿ ಮುಗಿಸಿದರು. 2019ರ ಜೂನ್‌ನಲ್ಲಿ ಬದಲಿ ಆಟಗಾರನಾಗಿ ಬಂದು ಆಂಥನಿ ಜೋಶುವಾರನ್ನು ಕೆಡವಿದ ಆಂಡಿ ರೂಯಿಸ್ ಕೂಡ ಡಿಸೆಂಬರ್‌ನ ಮರುಪಂದ್ಯಕ್ಕೆ ಸುಮಾರು ಅಷ್ಟೇ ಪೌಂಡ್ ಹೆಚ್ಚಿಸಿಕೊಂಡು ಬಂದು ಸೋತರು. ಹೋಲಿಫೀಲ್ಡ್ ಸೋಲಿಸಿದ್ದು ಟೈಸನ್‌ರನ್ನು ಸೋಲಿಸಿದವನನ್ನು ಎನ್ನುವುದು ವ್ಯಾಕರಣಕ್ಕಷ್ಟೇ ಸರಿ.

ಪಟ್ಟಿಯಲ್ಲಿ ಇರುವ ಹೆಸರುಗಳ ಜಗಳದಲ್ಲಿ ಇಲ್ಲದ ಹೆಸರುಗಳು ಮರೆತೇಹೋಗುತ್ತವೆ. ಜಾಕ್ ಡೆಂಪ್ಸಿ 1919ರಿಂದ 1926ರವರೆಗೆ ಚಾಂಪಿಯನ್. ಆ ಏಳು ವರ್ಷದಲ್ಲಿ ಎದುರಾಳಿಗಳ ಸಾಲಿನ ಮುಂಚೂಣಿಯಲ್ಲಿ ನಿಂತು ಕಾದವರು ಕಪ್ಪುವರ್ಣೀಯ ಹ್ಯಾರಿ ವಿಲ್ಸ್. ಕೊನೆವರೆಗೂ ಅವರಿಗೆ ಪಂದ್ಯ ಸಿಗಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್ ಅವರದ್ದು ಇನ್ನೂ ಕಹಿ. 1906ರಲ್ಲಿ ತನ್ನೊಂದಿಗೆ ಸೆಣಸಿ ಸೋತಿದ್ದ ಅವರನ್ನು, ಚಾಂಪಿಯನ್ ಆದ ಮೇಲೆ ಜಾಕ್ ಜಾನ್ಸನ್ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ನೇ ಕಪ್ಪುವರ್ಣೀಯ ಸವಾಲಿಗರಿಗೆ ಬಹುಮಟ್ಟಿಗೆ ಬಾಗಿಲು ಹಾಕಿದರು. ಬಿಳಿಯರೊಂದಿಗಿನ ಪಂದ್ಯಕ್ಕೇ ಹೆಚ್ಚು ದುಡ್ಡು ಬರುತ್ತಿತ್ತು. 1992ರ ಕೊನೆಗೆ ರಿಡಿಕ್ ಬೋ ಒಂದು ಬೆಲ್ಟನ್ನು ಕ್ಯಾಮೆರಾಗಳೆದುರು ಕಸದ ಬುಟ್ಟಿಗೆ ಎಸೆದದ್ದು ಲೆನಾಕ್ಸ್ ಲೂಯಿಸ್ ಜೊತೆಗಿನ ಕಡ್ಡಾಯ ಪಂದ್ಯ ತಪ್ಪಿಸಿಕೊಳ್ಳಲು. ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬೋ ಅವರನ್ನು ಮಣಿಸಿದ್ದವರು ಇದೇ ಲೂಯಿಸ್. ಬೋ ಅವರ ಪಟ್ಟಿ ಓದುವಾಗ ಆ ಕಸದ ಬುಟ್ಟಿಯನ್ನೂ ಒಂದು ಸಾಲಾಗಿ ಎಣಿಸಬೇಕು.

ತಾರೀಕು ನೋಡುವುದಕ್ಕೂ ಒಂದು ಪ್ರಾಮಾಣಿಕತೆ ಬೇಕು. ಪಂದ್ಯ ಮುಗಿದ ಮೇಲೆ ಪಂಚಾಂಗ ಬದಲಿಸಬಾರದು. 2024ರ ಮೇ 18ರವರೆಗೆ ಟೈಸನ್ ಫ್ಯೂರಿ ಸೋಲಿಲ್ಲದ ಸರದಾರ. ರಿಯಾದ್‌ನಲ್ಲಿ ಒಲೆಕ್ಸಾಂಡರ್ ಉಸಿಕ್ ಗೆದ್ದ ಮರುದಿನವೇ ಫ್ಯೂರಿ ಮುದುಕನಾದ, ಸವೆದುಹೋಗಿದ್ದ ಎಂಬ ಮಾತು ಹುಟ್ಟಿತು. ಫ್ಯೂರಿಗೆ ಆಗ 35, ಗೆದ್ದ ಉಸಿಕ್‌ಗೆ 37! ಹಿಂದಿನ ಅಕ್ಟೋಬರ್‌ನಲ್ಲಿ ಬಾಕ್ಸಿಂಗ್‌ಗೆ ಹೊಸಬರಾದ ಫ್ರಾನ್ಸಿಸ್ ಎನ್‌ಗನೂ ಅವರು ಫ್ಯೂರಿಯನ್ನು ಕೆಡವಿದ್ದಾಗಲೇ ಅನುಮಾನಪಟ್ಟವರು ಈಗ ಮಾತಾಡಲಿ, ಒಪ್ಪಬಹುದು. ಉಳಿದವರದ್ದು ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ವಾದ.

ಅದೇ ವರ್ಷ ನವೆಂಬರ್ 15ರಂದು, ಮೂರ್ ಕ್ಲೇ ಎದುರು ಬಿದ್ದ ದಿನಕ್ಕೆ ಸರಿಯಾಗಿ 62 ವರ್ಷಕ್ಕೆ, ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ಯೂಟ್ಯೂಬ್‌ನಿಂದ ಬಾಕ್ಸಿಂಗ್‌ಗೆ ಬಂದ 27ರ ಜೇಕ್ ಪಾಲ್, 58ರ ಮೈಕ್ ಟೈಸನ್ ಅವರನ್ನು ಅಂಕಗಳಲ್ಲಿ ಸೋಲಿಸಿದರು. ಸುತ್ತಿಗೆ ಮೂರರ ಬದಲು ಎರಡೇ ನಿಮಿಷ, ಒಟ್ಟು ಎಂಟು ಸುತ್ತು, ಮಾಮೂಲಿಗಿಂತ ದಪ್ಪನೆಯ ಕೈಗವಸು. ಆದರೂ ರಾಜ್ಯದ ಆಡಳಿತ ಅದನ್ನು ಅಧಿಕೃತ ವೃತ್ತಿಪರ ಪಂದ್ಯವೆಂದೇ ಒಪ್ಪಿಕೊಂಡಿತು. ಹಾಗಾಗಿ ಪಾಲ್ ಅವರ ಗೆಲುವಿನ ಪಟ್ಟಿಯಲ್ಲಿ ಈಗ ಒಂದು ಸಾಲಿದೆ: ಎದುರಾಳಿ, ಮೈಕ್ ಟೈಸನ್. ಆ ಸಾಲಿನ ಎಡತುದಿಯಲ್ಲಿ ಚಿಕ್ಕ ಅಕ್ಷರದಲ್ಲಿ ತಾರೀಕೂ ಇದೆ.